ಎಳ್ಳ ಅಮಾಸಿಗೆ ಮೊದಲು ಮಾರದ ರನ್ನಿಂಗ್ ಬ್ಯಾಕ್

ಪಟ್, ಪಟ್, ಪಟಪಟ. ಇಂಡಿ ಎಂಬ ಊರಿನಲ್ಲಿ ಮೊದಲ ದಿನ ನನಗೆ ಎಚ್ಚರವಾದದ್ದು ಈ ಸದ್ದಿಗೆ. ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ ಅಂದುಕೊಂಡೆ. ಒಹಾಯೋದ ಮನೆಯಲ್ಲೇ ಇದ್ದೇನೆ, ಟೀವಿಯಲ್ಲಿ ಭಾನುವಾರದ ಫುಟ್‌ಬಾಲ್ ನಡೆದಿದೆ, ನಾನು ಸೋಫಾದಲ್ಲಿ ತೂಕಡಿಸಿದ್ದೇನೆ, ಪಕ್ಕದಲ್ಲಿ ಗೆಳತಿ ಡಲೋರಸ್ ನಮ್ಮ ಆಟಗಾರನಿಗೆ ಕೈ ತಟ್ಟುತ್ತಿದ್ದಾಳೆ ಎಂದು ಅರೆನಿದ್ದೆಯ ಮನಸ್ಸು ನಂಬಿಬಿಟ್ಟಿತ್ತು. ಎದ್ದು ನೋಡಿದರೆ ಅಡುಗೆಮನೆಯಲ್ಲಿ ನನ್ನ ನಾದಿನಿ ಗೋದಾವರಿ ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಏಳ್ರಿ ವೈನಿ, ಹೊತ್ತು ನೆತ್ತಿಗೆ ಬಂತು” ಅಂದಳು. ಹೊರಗಿನ್ನೂ ಕತ್ತಲೆ.

ವೈನಿ ಅಂದರೆ ಅಣ್ಣನ ಹೆಂಡತಿ. ಮರಾಠಿಯಿಂದ ಬಂದ ಮಾತು. ನಾನು ಹುಟ್ಟಿ ಬೆಳೆದದ್ದು ಮೈಸೂರು, ಓದಿದ್ದು ಅಲ್ಲಿನ ಕಾನ್ವೆಂಟಿನಲ್ಲಿ. ಇಂಡಿ ನನ್ನ ಯಜಮಾನರ ಊರು. ಮದುವೆಯಾದ ವರ್ಷ ನಾಲ್ಕು ದಿನ ಬಂದು ಹೋದದ್ದು ಬಿಟ್ಟರೆ, ಬದುಕೆಲ್ಲ ನಾವಿಬ್ಬರೂ ಒಹಾಯೋದ ಒಂದು ಸಣ್ಣ ಟೌನಿನಲ್ಲಿ ಕಳೆದೆವು. ಅವರು ಕಾಲೇಜಿನಲ್ಲಿ, ನಾನು ಪಬ್ಲಿಕ್ ಲೈಬ್ರರಿಯಲ್ಲಿ. ಮಕ್ಕಳಿಲ್ಲ. ಅವರು ಹೋದ ಮೇಲೆ ಆ ಹಿಮದ ಚಳಿಗೆ ನನ್ನ ಮೊಣಕಾಲು ಒಪ್ಪಲಿಲ್ಲ. ಮೈಸೂರಿನಲ್ಲಿ ನನ್ನವರೆಂದು ಯಾರೂ ಉಳಿದಿರಲಿಲ್ಲ. ಕನ್ನಡ ಸಾಲಿಯ ಟೀಚರಾಗಿ ನಿವೃತ್ತಳಾದ ಗೋದಾವರಿ ಫೋನಿನಲ್ಲಿ, “ಅರ್ಧಾ ಮನಿ ನಿಮ್ಮದದ. ಲಿಂಬಿ ತೋಟ ಅದ. ಬಂದು ಬಿಡ್ರಿ” ಅಂದಳು. ಬಂದುಬಿಟ್ಟೆ. ಈ ವಯಸ್ಸಿನಲ್ಲಿ ಇಮಿಗ್ರೆಂಟ್ ಆದೆ, ಅದೂ ಕನ್ನಡ ನಾಡಿನಲ್ಲೇ.

ಮೈಸೂರಿನವರು ನಗುತ್ತೀರೇನೋ. ಆದರೆ ನಿಜ ಹೇಳುತ್ತೇನೆ, ಮೊದಲ ತಿಂಗಳು ಇಲ್ಲಿ ಎಲ್ಲರೂ ನನ್ನನ್ನು ಗದರುತ್ತಿದ್ದಾರೆ ಅನಿಸುತ್ತಿತ್ತು. ತರಕಾರಿಯವಳು “ಏನ್ ಬೇಕ್ರಿ, ಲಗೂ ಹೇಳ್ರಿ” ಅಂದರೆ ನಾನು ಹೆದರಿ ಬೇಡದ ಬದನೆಕಾಯಿ ತರುತ್ತಿದ್ದೆ. ಅಲ್ಲಿ, ಒಹಾಯೋದಲ್ಲಿ, ಅಪರಿಚಿತರೂ ನಕ್ಕು ಹವಾ ಹೇಗಿದೆ ಎಂದು ಕೇಳುತ್ತಾರೆ, ಮನೆಯೊಳಗೆ ಮಾತ್ರ ಕರೆಯುವುದಿಲ್ಲ. ಇಲ್ಲಿ ಯಾರೂ ನಗುವುದಿಲ್ಲ, ನೇರ ಅಡುಗೆಮನೆಗೇ ಬರುತ್ತಾರೆ. ನಾನು ಪ್ರತಿ ರೊಟ್ಟಿಗೂ ಥ್ಯಾಂಕ್ ಯೂ ಅನ್ನುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್ಸ್ ಹಾಗೆ ಕಲಿಸಿದ್ದರು.

“ಥ್ಯಾಂಕ್ಯೂ ಅನಬ್ಯಾಡ್ರಿ ವೈನಿ. ಖಾನಾವಳಿ ನಡಸಾಕತ್ತೇನಿ ಅನಸ್ತದ” ಅಂದಳು ಗೋದಾವರಿ.

ನನ್ನ ಜೊತೆ ಬಂದದ್ದು ಎರಡು ಸೂಟ್‌ಕೇಸು ಮತ್ತು ಒಂದು ಫ್ಯಾಂಟಸಿ ಟೀಮ್. ಅಮೆರಿಕದ ಫುಟ್‌ಬಾಲ್ ಕಾಲಿನಾಟವಲ್ಲ. ಚೆಂಡನ್ನು ಕಂಕುಳಲ್ಲಿ ಅಮುಕಿಕೊಂಡು ಎದುರಿನ ಗೋಡೆಯಂಥ ಗಂಡಸರೊಳಗೆ ನುಗ್ಗುವ ಆಟ. ಹಾಗೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಫ್ಯಾಂಟಸಿ ಲೀಗ್ ಅಂದರೆ ನಾವು ಮನೆಯಲ್ಲಿ ಕೂತು ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೊಂದು ತಂಡ ಕಟ್ಟುವುದು. ಅವರು ಮೈದಾನದಲ್ಲಿ ಎಷ್ಟು ಓಡಿದರೋ ಅಷ್ಟು ಅಂಕ ನಮಗೆ. ಲೈಬ್ರರಿಯ ಹೆಂಗಸರ ಈ ಲೀಗಿನಲ್ಲಿ ಡಲೋರಸ್ ಮತ್ತು ನಾನು ಬಹಳ ವರ್ಷದ ಪಾಲುದಾರರು. ಇಬ್ಬರೂ ಹೂಂ ಅಂದರೆ ಮಾತ್ರ ಆಟಗಾರನನ್ನು ಕೊಡುವುದು, ತೆಗೆದುಕೊಳ್ಳುವುದು.

ಈ ಸಲದ ಆಟದ ಮೇಲೆ ಇನ್ನೊಂದು ಭಾರವಿತ್ತು. ಡಲೋರಸ್ ಮನೆ ಮಾರಿ, ಹೊಸ ವರ್ಷಕ್ಕೆ ದೂರದ ಅರಿಜೋನಾದಲ್ಲಿ ತಂಗಿಯ ಮಗಳ ಮನೆ ಸೇರುವವಳಿದ್ದಳು. ನಮ್ಮ ತಂಡ ಫೈನಲ್ ಮುಟ್ಟಿದರೆ ನಾನು ಬರುತ್ತೇನೆ, ನೀನು ಬಿಡುವ ಮೊದಲು ಆ ಹಳೆಯ ಮನೆಯಲ್ಲೇ ಒಟ್ಟಿಗೆ ಕೂತು ನೋಡೋಣ ಎಂದು ಮಾತು ಕೊಟ್ಟಿದ್ದೆ. ಸುಮ್ಮನೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಮೊಣಕಾಲು, ಡಾಕ್ಟರು, ಅಷ್ಟು ದೂರದ ಪ್ರಯಾಣ. ಗಟ್ಟಿ ನೆಪವೊಂದಿಲ್ಲದೆ ನಾನು ಹೊರಡುವವಳಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗೋದಾವರಿಗೂ ಹೇಳಿದ್ದೆ. “ಹೌದೇನ್ರಿ” ಅಂದು ಲಿಂಬೆಹಣ್ಣು ಆರಿಸುವುದನ್ನು ಮುಂದುವರಿಸಿದ್ದಳು.

ನಮ್ಮ ರನ್ನಿಂಗ್ ಬ್ಯಾಕನ್ನು ನಾವು ಡೀಕನ್ ಎನ್ನುತ್ತಿದ್ದೆವು, ಅಂದರೆ ಕಿರಿಯ ಪಾದ್ರಿ. ಪ್ರತಿ ಓಟದ ಕೊನೆಗೆ ಚರ್ಚಿನಲ್ಲಿದ್ದವನ ಹಾಗೆ ಒಂದು ಮೊಣಕಾಲೂರಿ ಏಳುತ್ತಿದ್ದ. ದಸರೆ ಕಳೆದು ಸೀಗಿ ಹುಣ್ಣಿಮೆಯ ಹೊತ್ತಿಗೆ ಅವನ ಹಿಮ್ಮಡಿಯ ಮೇಲೆ ಯಾರೋ ಬಿದ್ದು ಕಾಲು ಉಳುಕಿತು. ಅದೇ ವಾರ ಲೀಗಿನ ಇನ್ನೊಬ್ಬಳು, ಡೀಕನ್‌ನನ್ನು ಕೊಟ್ಟರೆ ನನ್ನ ಹೊಸ ಹುಡುಗನನ್ನು ಕೊಡುತ್ತೇನೆ ಅಂದಳು. ಡಲೋರಸ್ ಫೋನಿನಲ್ಲಿ ಲೈಬ್ರೇರಿಯನ್ ಧ್ವನಿಯಲ್ಲೇ ವಿವರಿಸಿದಳು: ಚೆಂಡು ಎಷ್ಟು ಸಲ ಕೈಗೆ ಬರುತ್ತದೆ ಅನ್ನುವುದೇ ರನ್ನಿಂಗ್ ಬ್ಯಾಕಿನ ವ್ಯಾಲ್ಯೂ. ಡೀಕನ್‌ನ ಪಾಲನ್ನು ಈಗ ಅವನ ತಂಡದಲ್ಲೇ ಇನ್ನೊಬ್ಬ ತಿನ್ನುತ್ತಿದ್ದಾನೆ. ದಾಟಿದರೆ ಅಂಕ ಸಿಗುವ ಕೊನೆಯ ಗೆರೆಯ ಹತ್ತಿರ ಬಂದಾಗ ಕೋಚ್ ಇವನನ್ನು ಕರೆಯುವುದೇ ಇಲ್ಲ. ವಯಸ್ಸೂ ಆಯಿತು. “ಮಾರಿಬಿಡು, ಡಿಯರ್” ಅಂದಳು.

ನನಗೆ ತಿಳಿಯಲಿಲ್ಲ. ಕಟ್ಟೆಯ ಮೇಲೆ ಕೂತು ಆ ಓಟದ ವಿಡಿಯೋವನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ಹಲಸಂಗಿ ಹಾದಿಯ ನಮ್ಮ ಹೊಲ ಮಾಡುವ ಮಲ್ಲಪ್ಪ ಬಂದಿದ್ದ. ಬಗ್ಗಿ ಅವನೂ ನೋಡಿದ.

“ಯಾರ್ರಿ ಅಮ್ಮಾರ ಇಂವಾ? ಹೆಗಲು ಭಾರಿ ಐತಿ.”

“ಇವನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಗೊತ್ತಾಗುತ್ತಿಲ್ಲ ಮಲ್ಲಪ್ಪ. ವಯಸ್ಸು ಇಪ್ಪತ್ತೊಂಬತ್ತು.”

“ಹಲ್ಲು ನೋಡಬೇಕಿತ್ತು. ಬಾಯಾಗ ಏನೋ ತುರುಕ್ಯಾರಲ್ರಿ. ಸುಳಿ ನೋಡೋಣಂದ್ರ ತಲಿಮ್ಯಾಲ ಗಡಿಗಿ.” ಎತ್ತು ಕೊಳ್ಳುವವರು ಮೈಮೇಲಿನ ಕೂದಲ ಸುಳಿ ನೋಡಿ ಗುಣ ಹೇಳುತ್ತಾರಂತೆ. ಅವನು ಇನ್ನೊಮ್ಮೆ ನೋಡಿ, “ಕಾಲು ಏನೂ ಆಗಿಲ್ಲ ಬಿಡ್ರಿ. ಹದಿನೈದು ದಿನದಾಗ ನೆಟ್ಟಗಾಗ್ತೈತಿ” ಎಂದು ತೀರ್ಪು ಕೊಟ್ಟ.

“ಇಪ್ಪತ್ತೊಂಬತ್ತಕ್ಕ ಮುದುಕ ಅಂತಾರೇನು?” ಅಂದಳು ಒಳಗಿನಿಂದ ಗೋದಾವರಿ. “ಹಂಗಂದ್ರ ನಮ್ಮನ್ನ ಹೂಳೂದ ಮರತಾರ.”

ಸೆರಗಿಗೆ ಕೈ ಒರೆಸಿಕೊಂಡು ಹೊರಬಂದು ನಿಂತಳು. “ನಮ್ಮ ಮನಿತನದಾಗ ಒಂದು ಪದ್ಧತಿ ಅದ, ವೈನಿ. ಹಿಂಗಾರಿ ಬಿತ್ತಿದ ಎತ್ತನ್ನ ಎಳ್ಳ ಅಮಾಸಿಗಿಂತ ಮೊದಲ ಮಾರೂದಿಲ್ಲ. ಕುಂಟಿದ್ರೂ ಇಲ್ಲ. ಅದು ಬಿತ್ತಿದ ಹೊಲದಾಗ ಅದು ಹಬ್ಬದ ಊಟ ಉಣ್ಣಬೇಕು. ಆಮ್ಯಾಲ ಏನರ ಮಾಡ್ರಿ.”

ಎಳ್ಳ ಅಮಾಸಿ ಅಂದರೆ ಚಳಿಗಾಲದ ಅಮಾವಾಸ್ಯೆ. ಅಂದು ಮನೆಮಂದಿ ಎಲ್ಲ ಗಾಡಿ ಹೂಡಿಕೊಂಡು ಬೆಳೆದು ನಿಂತ ಬಿಳಿಜೋಳದ ಹೊಲಕ್ಕೆ ಹೋಗುತ್ತಾರೆ, ಭೂಮಿಗೆ ಚರಗ ಚೆಲ್ಲುತ್ತಾರೆ, ಅಂದರೆ ಮಾಡಿದ ಅಡುಗೆಯನ್ನೆಲ್ಲ ಕಲಸಿ ಪೈರಿಗೇ ಎರಚುತ್ತಾರೆ. ನಮ್ಮ ಸೆಮಿಫೈನಲ್ ಕೂಡ ಆ ಹೊತ್ತಿಗೇ ಬರುತ್ತಿತ್ತು.

ನನ್ನ ತಲೆಗೆ ಏನು ಹೊಕ್ಕಿತೋ. ಡೀಕನ್ ಎತ್ತಲ್ಲ, ನಾನು ಅವನಿಗೆ ಒಂದು ಹಿಡಿ ಹೊಟ್ಟು ಹಾಕಿದವಳಲ್ಲ, ಅವನಿಗೆ ನಾನು ಯಾರೆಂದೇ ಗೊತ್ತಿಲ್ಲ. ಆದರೂ ನಮಗಾಗಿ ಓಡುತ್ತ ಕುಂಟಿದವನನ್ನು ಅದೇ ವಾರ ಕೊಟ್ಟುಬಿಡುವುದು ಕೆಟ್ಟದ್ದು ಅನಿಸಿತು. ಒಹಾಯೋದಲ್ಲಿ ಇದ್ದಿದ್ದರೆ ಅನಿಸುತ್ತಿತ್ತೇ? ಗೊತ್ತಿಲ್ಲ. ಡಲೋರಸ್‌ಗೆ ಬೇಡ ಅಂದೆ. ಯಾಕೆ ಎಂದು ಕೇಳಿದಳು. ಎತ್ತಿನ ಪದ್ಧತಿ ವಿವರಿಸಿದೆ.

“ನಿನಗೆ ಬರಲು ಮನಸ್ಸಿದೆಯಾ?” ಎಂದಳು.

“ಆಫ್ ಕೋರ್ಸ್” ಅಂದೆ. ಕೂಡಲೇ ಅಂದೆನೋ, ಸ್ವಲ್ಪ ತಡೆದು ಅಂದೆನೋ, ಈಗ ಯೋಚಿಸಿದರೆ ಗೊಂದಲ.

ಕೊಡುಕೊಳ್ಳುವ ಗಡುವು ಮುಗಿಯಿತು. ಉಳಿದವರ ಬಲದಿಂದ ನಾವು ಹೇಗೋ ಸೆಮಿಫೈನಲ್ ತಲುಪಿದೆವು. ಡೀಕನ್ ಕೂಡ ಮರಳಿ ಬಂದ. ನಾನು ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ ಸ್ವೆಟರುಗಳನ್ನು ಬಿಸಿಲಿಗೆ ಹಾಕಿದೆ. ಸಂಜೆಗೆ ಗೋದಾವರಿ ಅವನ್ನು ಮಡಿಚಿ ಒಳಗಿಟ್ಟಿದ್ದಳು, ಸೂಟ್‌ಕೇಸಿನಲ್ಲಲ್ಲ, ಕಪಾಟಿನಲ್ಲಿ.

ಅಮಾಸಿ ಸೋಮವಾರ ಬಂತು. ಅಲ್ಲಿಯ ಭಾನುವಾರದ ಆಟ ಇಲ್ಲಿ ಸೋಮವಾರ ಬೆಳಗಿನ ಸುದ್ದಿ. ಮನೆಯಲ್ಲಿ ಕಡಬು ಕಟ್ಟುವ ಗಡಿಬಿಡಿಯಲ್ಲಿ ಫೋನ್ ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ ಅನ್ನಿ. ಹೊಲದಲ್ಲಿ, ಬನ್ನಿಗಿಡದ ಕೆಳಗೆ ಊಟಕ್ಕೆ ಕೂತಾಗ ತೆರೆದೆ. ಡೀಕನ್ ಮೂರು ಸಲ ಓಡಿ, ಮೂರನೆಯ ಸಲ ಮೊಣಕಾಲೂರಿದವನು ಏಳಲಿಲ್ಲ. ನಾವು ಬೇಡವೆಂದ ಹುಡುಗ ಎರಡು ಸಲ ಗೆರೆ ದಾಟಿದ್ದ, ಎದುರು ತಂಡದ ಪರವಾಗಿ.

“ಏನಾತ್ರಿ?” ಅಂದಳು ಗೋದಾವರಿ.

“ಸೋತೆವು.”

“ಪಾಪ” ಎಂದು ನನ್ನ ಎಲೆಗೆ ಇನ್ನೊಂದು ಕಡಬು ಹಾಕಿದಳು.

ಮಲ್ಲಪ್ಪ ಎತ್ತಿಗೆ ಸಜ್ಜೆ ರೊಟ್ಟಿ ತಿನ್ನಿಸುತ್ತಿದ್ದ. ಸುಮ್ಮನೆ ಕೇಳಿದೆ, “ಇದನ್ನು ಇನ್ನು ಮಾರಬಹುದು ಅಲ್ಲವಾ ಮಲ್ಲಪ್ಪ? ಅಮಾಸಿಯವರೆಗೆ ಕಾಯಬೇಕು ಅಂತ ಪದ್ಧತಿ ಇತ್ತಲ್ಲ.”

“ಹಂಗೇನಿಲ್ರಿ. ಹ್ವಾದ ವರ್ಷ ದೀಪಾವಳಿಗೇ ಒಂದು ಮಾರೇವಲ್ರಿ. ಅಕ್ಕಾರೇ ಕೊಡು ಅಂದ್ರು.”

ನಾನು ಗೋದಾವರಿಯ ಮುಖ ನೋಡಿದೆ. ಅವಳು ಮೊಸರಿನ ಗಡಿಗೆಯ ಬಟ್ಟೆ ಬಿಚ್ಚುತ್ತಿದ್ದಳು. “ಅದು ಕುಂಟಿರಲಿಲ್ಲ” ಅಂದಳು. ಆಮೇಲೆ, “ಕಡಬು ತಿನ್ರಿ ವೈನಿ, ಆರ್ತಾವ.”

ಪದ್ಧತಿ ಇತ್ತೋ, ನನಗಾಗಿ ಹುಟ್ಟಿತೋ, ಈವರೆಗೂ ಕೇಳಿಲ್ಲ. ಕೇಳಿದರೆ ಸಿಟ್ಟು ಮಾಡಬೇಕಾಗುತ್ತದೆ, ಸಿಟ್ಟು ಬರುತ್ತದೆಯೋ ಇಲ್ಲವೋ ಎನ್ನುವುದು ನನಗೇ ಖಾತ್ರಿಯಿಲ್ಲ. ಆ ಬಿಸಿಲಿನಲ್ಲಿ ಕಡಬು ತಿನ್ನುವಾಗ ನಾಲಿಗೆಗೆ ರುಚಿ ಹತ್ತಲಿಲ್ಲ ನಿಜ. ಮೊಣಕಾಲುಗಳು ಮಾತ್ರ ಹಗುರಾಗಿದ್ದವು. ದೇಹದ ಯಾವ ಭಾಗವನ್ನು ನಂಬುವುದು? ಇಲ್ಲಿ ಗೆಳತಿಗಾಗಿ ಅಳು ಬರುತ್ತದೆ. ಅಲ್ಲಿ ಇದ್ದಿದ್ದರೆ ಈ ಗೋದಾವರಿಯ ಗದರಿಕೆ ಇಲ್ಲದೆ ಬೆಳಗಾಯಿತು ಅನಿಸುತ್ತಿರಲಿಲ್ಲ.

ಡಲೋರಸ್ ಬರೆದದ್ದು ಒಂದೇ ಸಾಲು: ಪಾಪ, ಆ ಕಾಲಿನಲ್ಲೂ ಓಡಿದನಲ್ಲ. ಜನವರಿಯಲ್ಲಿ ಅವಳು ಅರಿಜೋನಾಕ್ಕೆ ಹೋದಳು. ಅವಳಿಗೆ ವಿಡಿಯೋ ಕಾಲ್ ಹಿಡಿಸುವುದಿಲ್ಲ. ಮುಖ ನೋಡಬೇಕೆಂದರೆ ಎದುರಿಗೇ ಬರಬೇಕು ಅನ್ನುತ್ತಾಳೆ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಒಹಾಯೋ ಬಿಟ್ಟು ಹೊರಟ ದಿನ, ಏರ್‌ಪೋರ್ಟಿನ ಬಾಗಿಲಲ್ಲಿ. ಆಟಗಾರರನ್ನು ಆರಿಸುವ ಸರದಿ ಅಂದೇ ಸಂಜೆ ಇತ್ತು, ನಾನು ವಿಮಾನದಲ್ಲಿರುತ್ತಿದ್ದೆ. ಕಾರು ನಿಲ್ಲಿಸಲು ಅಲ್ಲಿ ಬಿಡುವುದಿಲ್ಲ. ಅವಳು ಇಳಿಯದೆ ಕಿಟಕಿ ಇಳಿಸಿ, “ನಮ್ಮ ಸರದಿ ಬಂದಾಗ ಡೀಕನ್ ಉಳಿದಿದ್ದರೆ ತೆಗೆದುಕೊಳ್ಳಲಾ? ವಯಸ್ಸಾಯಿತು ಅವನಿಗೆ” ಅಂದಳು. “ಬಿಡಬೇಡ” ಅಂದೆ. ಗಾರ್ಡ್ ಸಿಳ್ಳೆ ಹಾಕಿದ. ಅವಳು ತಲೆಯಾಡಿಸಿ ಕನ್ನಡಿ ನೋಡಿಕೊಂಡು ಕಾರುಗಳ ಸಾಲಿಗೆ ಸೇರಿದಳು. ಎಲ್ಲವೂ ಬೂದು ಬಣ್ಣದ ಕಾರುಗಳೇ. ಅವಳದ್ದು ಯಾವುದೆಂದು ತಿಳಿಯದೆ, ಎಲ್ಲಕ್ಕೂ ಕೈ ಬೀಸುತ್ತ ನಿಂತೆ.