ಹದಿನೈದು ಪ್ರಶ್ನೆ, ಎಲ್ಲಕ್ಕೂ ‘ಇಲ್ಲ’

ಚಟದ ಬಗ್ಗೆ ಶಿಕ್ಷಕರಿಗೆ ತರಬೇತಿ ಎಂದು ಶಿವಮೊಗ್ಗದ ನಮ್ಮ ಶಾಲೆಯಲ್ಲಿ ಒಂದು ಶನಿವಾರ ನಮ್ಮನ್ನೆಲ್ಲ ಕೂರಿಸಿದರು. ಚಟಕ್ಕೆ ಬೀಳುವ ಸಾಧ್ಯತೆ ನಮಗೆಷ್ಟಿದೆ ಎಂದು ನಾವೇ ಪರೀಕ್ಷಿಸಿಕೊಳ್ಳುವ ಹಾಳೆ ಕೊಟ್ಟರು. ಹದಿನೈದು ಪ್ರಶ್ನೆ.

“ಯಾರೂ ನೋಡಲ್ಲ, ಇದ್ದದ್ದು ಬರೀರಿ” ಎಂದರು ತರಬೇತಿಗೆ ಬಂದವರು.

ಕಾಪಿ ಹೊಡೆಯಬೇಡಿ ಎಂದು ಮಕ್ಕಳಿಗೆ ಬೈಯುವ ನಾವು ಪಕ್ಕದವರ ಹಾಳೆ ಇಣುಕಿ ಇಣುಕಿ ‘ಇಲ್ಲ’ ಎಂದು ಬರೆದೆವು. ಹೆಡ್‌ಮಾಸ್ಟರಂತೂ ಬಾಯಲ್ಲಿದ್ದ ಜರ್ದಾವನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸುತ್ತ ಹದಿನೈದಕ್ಕೂ ‘ಇಲ್ಲ’ ಬರೆದು, ಎದ್ದುಹೋಗಿ ಕಿಟಕಿಯಾಚೆ ಉಗಿದು ಬಂದರು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಮನೆಯಲ್ಲಿ ಯಾರಿಗಾದರೂ ಚಟವಿತ್ತೇ ಎಂಬುದಕ್ಕೆ ನಾನೂ ‘ಇಲ್ಲ’ ಎಂದೇ ಬರೆದಿದ್ದೆ. ಅಪ್ಪ ಕುಡಿದೂ ಕುಡಿದೂ ಲಿವರ್ ಕೆಟ್ಟು ಸತ್ತವರು.

ಮರುದಿನ ಭದ್ರಾವತಿಯ ನ್ಯೂ ಟೌನಿನಲ್ಲಿರುವ ಅಣ್ಣನ ಮನೆಗೆ ಹೋದೆ. ಅವನನ್ನು ನಗಿಸೋಣವೆಂದು ಒಂದು ಖಾಲಿ ಹಾಳೆ ಒಯ್ದಿದ್ದೆ. ಅಪ್ಪನ ದಾರಿಯನ್ನೇ ಹಿಡಿದಿದ್ದ ಅಣ್ಣ ಕುಡಿತ ಬಿಟ್ಟು ಆರು ವರ್ಷವಾಗಿತ್ತು. ಅವನು ನಗಲಿಲ್ಲ, ಕನ್ನಡಕ ಹಾಕಿಕೊಂಡು ಒಂದೊಂದೇ ಪ್ರಶ್ನೆ ಓದಿದ.

“ಇಲ್ಲಿ ನೋಡೇ ಮಾರಾಯ್ತಿ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ದಿನ ಮಾತ್ರೆ ತಗೊಂಡಿದ್ದೀರಾ ಅಂತ ಕೇಳಿದಾರೆ. ಏನ್ ಬರೆದೆ?”

“ಇಲ್ಲ ಅಂತ. ನನ್ನ ನಿದ್ದೆ ಮಾತ್ರೆ ಡಾಕ್ಟರೇ ಬರೆದಿದ್ದು.”

“ಹದಿನೈದು ದಿನಕ್ಕೆ ಬರೆದಿದ್ರು. ಎರಡು ವರ್ಷ ಆಯ್ತು. ಮಾತ್ರೆ ಇಲ್ಲದ ದಿನ ನಿನ್ ಕೈ ನಡುಗೋದು ನಾನು ನೋಡಿಲ್ವಾ?”

“ನಿನ್ ಜೊತೆ ನನ್ನ ಹೋಲಿಸ್ಬೇಡ ಅಣ್ಣ. ನಾನು ಬಾರಿಗೆ ಹೋದವಳಲ್ಲ.”

“ಹೋಗ್ತಿದೀಯಲ್ಲ! ನಿನ್ನ ಬಾರಿನ ಬೋರ್ಡಲ್ಲಿ ಪ್ಲಸ್ ಗುರುತು ಇರುತ್ತೆ, ಅಷ್ಟೇ.”

ಅವನ ಕೈಯಿಂದ ಹಾಳೆ ಕಿತ್ತುಕೊಂಡು, ಊಟವನ್ನೂ ಮಾಡದೆ ಬಸ್ಸು ಹತ್ತಿದೆ. ಕುಡುಕ ನನಗೆ ಬುದ್ಧಿ ಹೇಳುತ್ತಾನೆ ಎಂದು ಮೈಯೆಲ್ಲ ಉರಿಯುತ್ತಿತ್ತು. ಆದರೆ ಅಂಗಡಿಯವರಿಗೆ ಗುರುತು ಸಿಗಬಾರದೆಂದು ಒಂದು ವಾರ ಕೋಟೆಯ ಮೆಡಿಕಲ್ ಶಾಪು, ಮರುವಾರ ಬಸ್‌ಸ್ಟ್ಯಾಂಡಿನದು ಎಂದು ಸುತ್ತುತ್ತಿದ್ದವಳು ನಾನೇ ತಾನೆ? ಹಳೆಯ ಚೀಟಿ ತೋರಿಸಿ, ‘ಅತ್ತೆಗೆ ಬೇಕು’ ಎಂದು ಸುಳ್ಳು ಹೇಳುತ್ತಿದ್ದವಳು?

ಸೀಟಿನಲ್ಲೇ ಪೆನ್ನು ತೆಗೆದು ಇದ್ದದ್ದು ಬರೆದೆ. ‘ಹೌದು’ಗಳನ್ನು ಕೂಡಿಸಿದರೆ, ಹಾಳೆಯ ಕೆಳಗಿದ್ದ ‘ಕೂಡಲೇ ವೈದ್ಯರನ್ನು ಕಾಣಿ’ ಎಂಬ ಸಾಲಿಗೆ ಬಂದು ನಿಂತೆ. ಬೇರೆಯವರ ಜರ್ದಾ ನೋಡಿ ನಕ್ಕ ಬಾಯಿಗೆ ಎರಡು ಬಾರಿಸಿಕೊಳ್ಳಬೇಕೆನಿಸಿತು.

ಆ ವಾರವೇ ಡಾಕ್ಟರ ಹತ್ತಿರ ಹೋದೆ. “ಒಂದೇ ಸಲ ಬಿಡಬೇಡಿ, ನಾನು ಹೇಳಿದ ಹಾಗೆ ಸ್ವಲ್ಪಸ್ವಲ್ಪ ಕಡಿಮೆ ಮಾಡಿ” ಎಂದರು. ನಾಲ್ಕು ತಿಂಗಳಾಗಿದೆ. ಈಗ ಅರ್ಧ ಮಾತ್ರೆಗೆ ಇಳಿದಿದ್ದೇನೆ. ಅಣ್ಣ ವಾರಕ್ಕೊಮ್ಮೆ ಫೋನ್ ಮಾಡಿ, “ಎಷ್ಟಕ್ಕೆ ಬಂತು?” ಎನ್ನುತ್ತಾನೆ. ಆ ಪ್ರಶ್ನೆಗೆ ಸುಳ್ಳು ಹೇಳಲು ಈಗಲೂ ನಾಲಿಗೆ ತುರಿಸುತ್ತದೆ.