ಲಕ್ಷ್ಮಪ್ಪನ ಹಿಂಡಿಗೆ ಬಂದ ಮಾತು

ನೀಲಾ ಎರಡನೇ ಜೊತೆ ಕೈಗವಸು ಹಾಕಿಕೊಳ್ಳುತ್ತಿದ್ದಾಗ ಮೇಜಿನ ಮೇಲಿದ್ದ ಫೋನು ಗುರುಗುಟ್ಟಿತು. ಅಪ್ಪ ಕರೆಯುತ್ತಿದ್ದ. ಪ್ರಯೋಗಾಲಯದ ಒಳಕೋಣೆಗೆ ಹೋದ ಮೇಲೆ ಫೋನು ಮುಟ್ಟುವಂತಿಲ್ಲ. ಕೈಗವಸು ಕಿತ್ತು ಬುಟ್ಟಿಗೆ ಹಾಕಿ ಫೋನೆತ್ತಿದಳು.

“ಇವತ್ತರ ಗೊತ್ತಾಗತೈತೇನವಾ?”

“ಸಂಜಿಮುಂದ ಗೊತ್ತಾಗತೈತಿ, ಯಪ್ಪಾ. ಕುರಿ ಎಲ್ಲಿ ಅದಾವ?”

“ಅಡವಿ ದಂಡಿಗೆ. ಯಾರ ಗದ್ಯಾಗೂ ಕಾಲ ಇಡಗೊಡವಲ್ರು. ನಿನ್ನಿ ಗುರುಪಾದಪ್ಪ ಕಟ್ಟಿ ಮ್ಯಾಲ ಕುಂತು, ‘ನಿನ್ನ ಮಗಳ ಮಶಿನ್ನು ನಿನ್ನ ಕುರಿ ಬಿಟ್ಟು ಬ್ಯಾರೇದರ ಹೆಸರ ಹೇಳತೈತೇನೋ ಲಕ್ಷ್ಮಪ್ಪಾ’ ಅಂದ. ಎಲ್ಲಾರೂ ನಕ್ಕರು. ನಾನೂ ನಕ್ಕೆ, ಮತ್ತೇನ ಮಾಡ್ಲಿ.”

ನೀಲಾ ಬೆಳಗಾವಿಯ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಖಾಸಬಾಗದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದಾಳೆ. ಹುಟ್ಟೂರು ಖಾನಾಪುರ ತಾಲೂಕಿನಲ್ಲಿ, ಹಲಸಿಗೆ ಹತ್ತಿರದ ಹಳ್ಳಿ. ಭತ್ತದ ಕೊಯ್ಲು ಮುಗಿದ ಮೇಲೆ ಅವಳ ಅಪ್ಪ ರೈತರ ಗದ್ದೆಗಳಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾನೆ. ಗದ್ದೆಗೆ ಗೊಬ್ಬರವಾಗುತ್ತದೆ, ಲಕ್ಷ್ಮಪ್ಪನ ಮನೆಗೆ ಅಕ್ಕಿ ಬರುತ್ತದೆ. ಈ ಸಲ ಗುರುಪಾದಪ್ಪನ ಗದ್ದೆಯಲ್ಲಿದ್ದಾಗ ಕೆಲವು ಕುರಿಗಳು ಕಂದು ಹಾಕಿದವು. ದಿನ ತುಂಬದ ಮರಿಗಳು ಸತ್ತೇ ಹುಟ್ಟಿದವು. ಅದರ ಹಿಂದೆಯೇ ಊರಿಗೆ ಜ್ವರ ಹೊಕ್ಕಿತು. ಬೆವರಿ ಬಿಟ್ಟಂತಾಗುತ್ತದೆ, ಮತ್ತೆ ಏರುತ್ತದೆ; ಕೀಲುಗಳು ಹಿಡಿದುಕೊಳ್ಳುತ್ತವೆ. ಹಾಸಿಗೆ ಹಿಡಿದವರಲ್ಲಿ ಗುರುಪಾದಪ್ಪನ ಮೊಮ್ಮಗ ಗೌರೀಶನೂ ಒಬ್ಬ.

ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬಂದ ಜ್ವರ, ಸಾಕುಪ್ರಾಣಿಗಳಿಂದ ಮನುಷ್ಯರಿಗೆ ಅಂಟುವುದು ಎಂದು ವೈದ್ಯರು ಹೇಳಿದರು. ಕುರಿಗಳ ರಕ್ತದಲ್ಲೂ ಅದೇ ರೋಗ ಕಂಡಿತು. ಊರಿಗೆ ಅಷ್ಟು ಸಾಕಾಯಿತು. ಪ್ರಯೋಗಾಲಯದ ವರದಿ ಬರುವ ತನಕ ಹಿಂಡು ಗದ್ದೆಗೆ ಇಳಿಯಬಾರದು, ವರದಿಯೂ ಕುರಿಗಳ ಮೇಲೆಯೇ ಬಂದರೆ ಮುಂದೆಂದೂ ಇಳಿಯಬಾರದು ಎಂದು ಹಿರಿಯರು ಗೊತ್ತುಮಾಡಿದರು.

ರಕ್ತಪರೀಕ್ಷೆ ರೋಗ ಯಾವುದೆಂದು ಹೇಳುತ್ತದೆಯೇ ಹೊರತು ಅದು ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಅದಕ್ಕೆ ಬ್ಯಾಕ್ಟೀರಿಯಾದ ಜೀನೋಮನ್ನೇ ಓದಬೇಕು. ಬ್ರುಸೆಲ್ಲಾದ ಜೀನೋಮು ಮೂವತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳ ಬರಹ. ಬ್ಯಾಕ್ಟೀರಿಯಾ ಒಡೆದು ಎರಡಾಗುವಾಗ ಈ ಬರಹ ನಕಲಾಗುತ್ತದೆ. ಅಪರೂಪಕ್ಕೆ ಒಂದಕ್ಷರ ತಪ್ಪಿದರೆ ಆ ತಪ್ಪು ಮುಂದಿನ ಪೀಳಿಗೆಗಳಿಗೂ ಇಳಿಯುತ್ತದೆ. ಎರಡು ಬರಹಗಳ ನಡುವೆ ನಾಲ್ಕಾರು ಅಕ್ಷರಗಳಷ್ಟೇ ವ್ಯತ್ಯಾಸವಿದ್ದರೆ ಅವು ಈಚೆಗೆ ಬೇರೆಯಾದ ಒಡಹುಟ್ಟುಗಳು. ನೂರಾರು ಇದ್ದರೆ ಮನೆತನವೇ ಬೇರೆ. ಮುಖ ನೋಡಿ ಇದು ಇಂಥ ಕುರಿಯ ಮರಿ ಎನ್ನುವ ಅಪ್ಪನ ಮಗಳಿಗೆ ಇದು ಕಷ್ಟದ ಪಾಠವಾಗಿರಲಿಲ್ಲ.

ಹಿಂಡು ತನ್ನ ಅಪ್ಪನದೆಂದು ನೀಲಾ ಮೊದಲೇ ಹೇಳಿಬಿಟ್ಟಿದ್ದಳು. ಆದ್ದರಿಂದ ಕೊನೆಯ ಹೋಲಿಕೆಯ ಕೆಲಸವನ್ನು ಪ್ರಯೋಗಾಲಯದ ಮುಖ್ಯಸ್ಥೆ ಡಾ. ಪೂರ್ಣಿಮಾ ತಾವೇ ಇಟ್ಟುಕೊಂಡಿದ್ದರು. ಆದರೆ ಕುರಿಗಳಷ್ಟೇ ಸಾಲದು, ಊರಿನ ಮನೆ ಮನೆಯ ಆಡುಗಳ ಹಾಲನ್ನೂ ತರಿಸಿ ನೋಡಬೇಕೆಂದು ಹಟ ಹಿಡಿದವಳು ನೀಲಾ. ಹಿಂಡನ್ನು ಉಳಿಸಲು ಅವಳಿಗೆ ಕಂಡದ್ದು ಅದೊಂದೇ ದಾರಿ. ಹಾಲು ಒಯ್ದ ದಿನ ಅವ್ವ ಪದ್ಮವ್ವ ಫೋನು ಮಾಡಿ, “ನಮ್ಮ ಆಡಿಗೂ ನಂಬರ ಕೊಟ್ರವಾ, ಎಂಟನೇದು, ಸಾಲಿ ಹುಡುಗರಿಗೆ ಕೊಟ್ಟಂಗ” ಎಂದು ನಕ್ಕಿದ್ದಳು.

ಸಂಜೆ ಪೂರ್ಣಿಮಾ ಕರೆದರು.

“ಕುಂದರವಾ.”

“ನಿಂತಿರತೀನ್ರಿ, ಮೇಡಂ.”

“ನಿಮ್ಮಪ್ಪನ ಕುರಿಯಿಂದ ಬಂದಿಲ್ಲ.”

ಪರದೆಯ ಮೇಲೆ ಮರದಂಥ ಒಂದು ಚಿತ್ರವಿತ್ತು. ಜ್ವರ ಬಂದವರಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳೆಲ್ಲ ಒಂದೇ ಟೊಂಗೆಯ ತುದಿಯಲ್ಲಿ ಒತ್ತಿಕೊಂಡಿದ್ದವು. ಕುರಿಗಳ ಟೊಂಗೆ ಬುಡದಲ್ಲೇ ಕವಲೊಡೆದು ದೂರ ಹೋಗಿತ್ತು.

“ಖರೇನ್ರಿ?”

“ಖರೇನ. ಕುರಿಗೂ ಬ್ರುಸೆಲ್ಲಾ ಐತಿ, ಆದ್ರ ಆ ಮನೆತನಾನ ಬ್ಯಾರೆ. ಈಗ ಇಲ್ಲೆ ನೋಡು.”

ಜ್ವರದವರ ಟೊಂಗೆಯಲ್ಲಿ ಒಂದು ಆಡೂ ಇತ್ತು. ಎಂಟನೇ ನಂಬರು. ನೀಲಾ ಕುರ್ಚಿ ಎಳೆದು ಕುಳಿತಳು.

“ಯಾರದು ಗೊತ್ತೈತೇನು?”

“ನಮ್ಮವ್ವಂದ್ರಿ.”

ಆ ಆಡನ್ನು ಹೋದ ವರ್ಷ ಬೆಳಗಾವಿಯ ಸಂತೆಯಲ್ಲಿ ಕೊಂಡು ಅವ್ವನಿಗೆ ಕಳಿಸಿದವಳು ನೀಲಾನೇ. ಮನೆಯ ಆಡಿನ ಹಾಲು ಮಾರುವುದು ಪದ್ಮವ್ವನ ಮನೆತನದಲ್ಲಿ ಇಲ್ಲ. ಸೊರಗಿದ ಮಕ್ಕಳಿಗೆ, ಕೆಮ್ಮುವ ಮುದುಕರಿಗೆ ಕೊಡುತ್ತಾರೆ. ಹಿಂಡಿದ ಕೂಡಲೇ, ನೊರೆ ಆರುವ ಮೊದಲೇ ಕುಡಿಯಬೇಕು, ಒಲೆಗೆ ಇಡಬಾರದು. ತಮ್ಮ ಮನೆಯಲ್ಲಿ ಆ ಹಾಲು ಚಹಾಕ್ಕೆ ಬಿದ್ದು ಕುದಿಯುತ್ತಿತ್ತು. ಅದಕ್ಕೇ ಅಲ್ಲಿ ಯಾರಿಗೂ ಜ್ವರವಿರಲಿಲ್ಲ, ಆಡಿನ ಮೇಲೆ ಯಾರಿಗೂ ಅನುಮಾನವಿರಲಿಲ್ಲ.

“ವರದಿಯೊಳಗ ಮನಿ ಹೆಸರ ಇರೂದಿಲ್ಲ, ನಂಬರಷ್ಟ ಇರತೈತಿ,” ಎಂದರು ಪೂರ್ಣಿಮಾ, ಮೆಲ್ಲಗೆ.

“ಅದು ಊರ ಮುಟ್ಟೂದ್ರೊಳಗ ನಮ್ಮವ್ವ ಮತ್ತ ಹಾಲ ಹಂಚತಾಳ್ರಿ.”

ಹೊರಗೆ ಬಂದು ಫೋನು ಹಚ್ಚಿದಳು.

“ಯವ್ವಾ, ಇವತ್ತ ಹಾಲ ಯಾರಿಗೆ ಕೊಟ್ಟಿ?”

“ಗೌರೀಶಗ. ಜ್ವರದಾಗ ಕಡ್ಡಿ ಆಗ್ಯಾನ ಕೂಸು. ಒಂದ ವಾಟಗಾ ಹೆಚ್ಚಿಗೀನ ಕೊಟ್ಟು ಬಂದೆ.”

“ಕಾಸಿದ್ದೇನು?”

“ಕಾಸಿದರ ಕಸುವು ಎಲ್ಲುಳೀತೈತಿ? ಬೆಳಗಾವಿಗೆ ಹೋಗಿ ಅದನ್ನೂ ಮರತೇನು?”

ನೀಲಾ ಹೇಳಿದಳು. ಸುತ್ತುಬಳಸಿ ಹೇಳಲು ಹೋಗಲಿಲ್ಲ.

“ಅವನವ್ವ ಬ್ಯಾಡ ಅಂದಿದ್ಲು,” ಎಂದಳು ಪದ್ಮವ್ವ. “ಅವಗ ಹಾಲ ಸೇರೂದಿಲ್ಲತ್ತಿ, ಬಿಡು ಅಂದ್ಲು. ನಾನ ತೊಡಿ ಮ್ಯಾಲ ಕುಂದರಿಸಿಕೊಂಡು ಕುಡಸ್ತಿದ್ದೆ.”

“ನಿನಗೇನ ಗೊತ್ತಿತ್ತು, ಯವ್ವಾ.”

“ಗುರುಪಾದಪ್ಪಗ ಹೇಳವ್ರ ಯಾರು?”

“ಮುಂಜಾನಿ ಬರತೀನಿ. ಇಬ್ರೂ ಕೂಡೇ ಹೋಗೂಣು.”

“ನಿಮ್ಮಪ್ಪಗ ಫೋನ ಮಾಡಬ್ಯಾಡ. ಕುರಿ ಪಾರಾದ್ವು ಅಂತ ಹಿಗ್ಗತಾನ, ಅದರ ಬೆನ್ನಿಗೇ ಇದು. ನಾನ ಹೇಳತೀನಿ.”

ಪಶುವೈದ್ಯರು ಸೋಮವಾರ ಊರಿಗೆ ಬಂದು ಪದ್ಮವ್ವನ ಆಡನ್ನು ಒಯ್ಯುತ್ತಾರೆ, ಲಕ್ಷ್ಮಪ್ಪನ ಹಿಂಡಿನಲ್ಲಿ ರೋಗವಿರುವ ಕುರಿಗಳನ್ನು ಬೇರ್ಪಡಿಸುತ್ತಾರೆ. ಉಳಿದ ಕುರಿಗಳನ್ನು ಗದ್ದೆಗೆ ಬಿಡಬೇಕೋ ಬೇಡವೋ ಎಂಬುದನ್ನು ಊರಿನ ಹಿರಿಯರು ಅದಾದ ಮೇಲೆ ಕುಳಿತು ಗೊತ್ತುಮಾಡುತ್ತಾರೆ.