ಅನುಸೂಯಮ್ಮನ ಗ್ರೈಂಡರ್

ಕುಂದಾಣದ ಅನುಸೂಯಮ್ಮನ ಬಾಯಿಗೆ ಸಿಕ್ಕಿ ಉಳಿದವರುಂಟೇ! ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿನಲ್ಲಿ ಅರ್ಧ ಆಯಸ್ಸು ಕಳೆದ ಹೆಂಗಸು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತದೆ. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ, ವಯಸ್ಸಾದ ಮಗ್ಗದ ಕೆಲಸಗಾರರಿಗೆಂದು ಟ್ರಸ್ಟಿನವರು ಕಟ್ಟಿಸಿದ ನಮ್ಮ ಸಾಲುಮನೆಗಳಲ್ಲಿ ಆಕೆಗೂ ಒಂದು ಕೋಣೆ ಕೊಟ್ಟರು. ನನ್ನದು ಎದುರಿನ ಕೋಣೆ.

ಬರುವಾಗ ಆಕೆ ಒಂದು ಹಳೆಯ ಗ್ರೈಂಡರ್ ತಂದಿದ್ದಳು. ಅದರಿಂದಲೇ ನಮ್ಮ ಸಾಲಿಗೆ ಯಜಮಾನಿಯಾದಳು. ಶನಿವಾರ ಸಂಜೆಯಾದರೆ ಎಲ್ಲರೂ ನೆನೆಸಿದ ಅಕ್ಕಿ, ಉದ್ದು ಹಿಡಿದು ಆಕೆಯ ಬಾಗಿಲಿಗೆ ಹೋಗಬೇಕು. ರುಬ್ಬುವಷ್ಟು ಹೊತ್ತೂ ಬೈಗುಳ ಪುಕ್ಕಟೆ. ನನ್ನ ಪಾತ್ರೆಯೊಳಗೆ ಇಣುಕಿ ಕೇಳುವಳು, “ಗೋಪಾಲಣ್ಣ, ಉದ್ದು ಇಷ್ಟೇನಾ? ದೋಸೆ ಹುಯ್ತೀರೋ, ಇಟ್ಟಿಗೆ ಸುಡ್ತೀರೋ?” ನಾವು ನಗುತ್ತಿದ್ದೆವು. ಗ್ರೈಂಡರ್ ಇಲ್ಲದಿದ್ದರೆ ತನ್ನನ್ನು ಕೇಳುವವರೇ ಇಲ್ಲ ಎಂಬ ಭಯ ಆಕೆಗಿತ್ತು.

ಅದನ್ನು ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಮೊದಲ ಸಲ ನಾನು ಕೈ ಎಳೆದುಕೊಂಡಾಗ ಅನುಸೂಯಮ್ಮ ನಕ್ಕುಬಿಟ್ಟಳು. “ಮಣೆ ಮೇಲೆ ನಿಂತ್ಕೊಳಿ. ಕರೆಂಟು ಮರಕ್ಕೆ ಹೆದರ್ತದೆ.” ಮುಟ್ಟಿದರೆ ಮಂಡಿನೋವು ಹೋಗುತ್ತದೆಂದು ಯಾರೋ ಹಬ್ಬಿಸಿದ್ದೇ ತಡ, ಹೆಂಗಸರು ಸರದಿ ನಿಂತು ಮುಟ್ಟತೊಡಗಿದರು. ಮುಟ್ಟಿ, “ಅಬ್ಬಾ, ಹಾಯೆನಿಸ್ತು” ಎನ್ನುವರು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!

ವರ್ಷಕ್ಕೊಮ್ಮೆ ಟ್ರಸ್ಟಿನ ಎಲೆಕ್ಟ್ರಿಷಿಯನ್ ನರೇಶ್ ಮೀಟರ್ ಹಿಡಿದು ಬರುತ್ತಾನೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೀಟರು ಎಲ್ಲವನ್ನೂ ನೋಡುತ್ತಾನೆ. ಸರಿಯಿದ್ದರೆ ಹಸಿರು ಸ್ಟಿಕ್ಕರ್ ಅಂಟಿಸುತ್ತಾನೆ. ಶಾಕ್ ಹೊಡೆಯುವಂಥದ್ದಾದರೆ ಅಲ್ಲೇ ಪ್ಲಗ್ ಕತ್ತರಿಸುತ್ತಾನೆ. ಹಾಗಾಗಿ ಅವನು ಬರುವ ದಿನ ಅನುಸೂಯಮ್ಮನ ಗ್ರೈಂಡರ್ ಪಕ್ಕದ ಕೋಣೆಯ ದ್ಯಾವಮ್ಮನ ಮಂಚದ ಕೆಳಗೆ ಸೇರುತ್ತಿತ್ತು. ದ್ಯಾವಮ್ಮನ ಹತ್ತಿರ ಟ್ರಸ್ಟಿನ ಫ್ಯಾನು ಬಿಟ್ಟರೆ ಬೇರೇನೂ ಇಲ್ಲ. ನರೇಶ್ ಅದನ್ನು ನೋಡಿ ಹೊರಟುಬಿಡುತ್ತಿದ್ದ.

ಈ ಸಲವೂ ಸಾಲೆಲ್ಲ ಮುಗಿಸಿ ಹೊರಟಿದ್ದ. ಅಷ್ಟರಲ್ಲಿ ದ್ಯಾವಮ್ಮ ಬಾಗಿಲಿಗೆ ಬಂದು ಕೂಗಿದಳು. “ನರೇಶಪ್ಪಾ, ಬಾ ಇಲ್ಲಿ. ಮಂಚದ ಕೆಳಗೆ ಇನ್ನೊಂದೈತೆ, ಅದನ್ನೂ ನೋಡ್ಬಿಡು.”

“ಲೇ ಮನೆಹಾಳಿ! ಉಂಡ ಮನೆ ಜಂತೆ ಎಣಿಸ್ತೀಯಾ?” ಅನುಸೂಯಮ್ಮನ ಕೂಗು ಬೀದಿಯ ಆ ತುದಿಗೆ ಮುಟ್ಟಿತು.

ನರೇಶ್ ಗ್ರೈಂಡರ್ ಎಳೆದು ಮೀಟರ್ ಹಚ್ಚಿದ. ಅವನ ಮುಖ ಸಣ್ಣಗಾಯಿತು. “ಅಮ್ಮಾ, ಮೈಯೆಲ್ಲ ಕರೆಂಟು ಹರೀತೈತೆ. ಒದ್ದೆ ಕಾಲಲ್ಲಿ ಮುಟ್ಟಿದ್ರೆ ಎದ್ದೇಳ್ತಿರಲಿಲ್ಲ. ಮೋಟಾರಿಗೇ ನೀರು ಇಳಿದೈತೆ. ಇದು ರಿಪೇರಿ ಆಗಲ್ಲ.” ಪ್ಲಗ್ ಕತ್ತರಿಸಿ ಜೇಬಿಗೆ ಹಾಕಿಕೊಂಡ.

ಈಗ ಮಹಾಭಾರತವೇ ನಡೆಯುತ್ತದೆ ಅಂದುಕೊಂಡೆ. ಅನುಸೂಯಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

“ಇನ್ಮೇಲೆ ನನ್ನ ಬಾಗಿಲಿಗೆ ಯಾರು ಬರ್ತಾರೆ?” ಎಂದಳು.

ದ್ಯಾವಮ್ಮ ಪಕ್ಕದಲ್ಲಿ ಕೂತು, ಬೇಡಬೇಡವೆಂದರೂ ಬಿಡದೆ, ತನ್ನ ಸೆರಗಿನಿಂದ ಆಕೆಯ ಮೂಗು ಒರೆಸಿದಳು.

“ಹೋದ ಶನಿವಾರ ನಿನ್ನ ಕೈ ಅದಕ್ಕೆ ಕಚ್ಕೊಂಡಿತ್ತಲ್ಲ, ನಾನು ನೋಡ್ದೆ ಕಣೆ. ಇಷ್ಟು ಬಾಯಿ ಇರೋಳು, ಕೂಗೋಕೂ ಆಗಲಿಲ್ಲ ನಿಂಗೆ. ಕರೆಂಟು ಹೋಯ್ತು, ಉಳ್ಕೊಂಡೆ. ಹಿಟ್ಟು ಅಂಗಡೀಲಿ ಸಿಗ್ತದೆ. ನೀನು ಸಿಗ್ತೀಯಾ?”